ಮುಳ್ಳು ನಿಲ್ಲುವವರೆಗೆ

ನಮ್ಮ ದೇಶದಲ್ಲಿ ವಿದ್ವಾಂಸರು ಅತಿ ಹೆಚ್ಚು ತಲೆ ಕೆಡಿಸಿಕೊಂಡ ವಿಷಯ ಯಾವುದೆಂದರೆ, ಹನ್ನೊಂದು ಸೆಕೆಂಡುಗಳ ಕಾಲ ಏನೂ ಆಗದೇ ಇದ್ದದ್ದು. ರಸಾಯನಶಾಸ್ತ್ರ ಓದಿ, ಪ್ರಯೋಗಾಲಯದಿಂದ ನೇರವಾಗಿ ರಾಜಕೀಯಕ್ಕೆ ಇಳಿದು, ಹದಿನಾಲ್ಕು ವರ್ಷ ದೇಶ ಆಳಿದ ನಮ್ಮ ನಾಯಕಿ ಯಾವ ಪ್ರಶ್ನೆಗೂ ತಟ್ಟನೆ ಉತ್ತರ ಕೊಟ್ಟವರಲ್ಲ. ಪ್ರಶ್ನೆ ಬಿದ್ದೊಡನೆ ತುಟಿ ಬಿಗಿಯುತ್ತಿದ್ದರು, ಉಸಿರು ಹಿಡಿಯುತ್ತಿದ್ದರು, ಮೇಜಿನ ಮೇಲೆ ಒಂದು ಬಿಂದುವನ್ನು ನೆಟ್ಟ ಕಣ್ಣಿನಿಂದ ನೋಡುತ್ತಿದ್ದರು. ಹನ್ನೊಂದು ಸೆಕೆಂಡು. ಆಮೇಲೆ ಮಾತು. ಆ ಮೌನದ ಮುಂದೆ ನೆರೆದೇಶದ ಸೇನಾಪತಿ ಬೆವತು, ಇವರು ಕೇಳದೇ ಇದ್ದ ಎರಡು ಸೇತುವೆಗಳನ್ನು ಬಿಟ್ಟುಕೊಟ್ಟನಂತೆ. ವಿರೋಧ ಪಕ್ಷದವರೊಬ್ಬರು ಒಂಬತ್ತನೆಯ ಸೆಕೆಂಡಿಗೆ ತಮ್ಮ ಪ್ರಶ್ನೆಯನ್ನು ತಾವೇ ವಾಪಸು ಪಡೆದು ಕ್ಷಮೆ ಕೇಳಿದ್ದು ಸದನದ ಕಡತದಲ್ಲಿಯೇ ಇದೆ. ಮೂರು ವರ್ಷದ ಹಿಂದೆ ಅವರು ತೀರಿಕೊಂಡ ಮೇಲೆ ವಿಶ್ವವಿದ್ಯಾಲಯದಲ್ಲಿ ಮೌನಪೀಠ ಸ್ಥಾಪನೆಯಾಯಿತು. ಅದರ ಪ್ರಾಧ್ಯಾಪಕರು ಮೌನದ ಬಗ್ಗೆ ನೀರು ಕುಡಿಯದೆ ಮೂರೂವರೆ ಗಂಟೆ ಮಾತಾಡಬಲ್ಲರು. ಶಾಲೆಗಳಲ್ಲಿ ಮಕ್ಕಳು ಬೆಳಗ್ಗೆ ಹನ್ನೊಂದು ಸೆಕೆಂಡು ಬಾಯಿ ಮುಚ್ಚಿ ನಿಂತು, ಹನ್ನೆರಡನೆಯದಕ್ಕೆ ಒಟ್ಟಿಗೆ ಕಿರುಚಿಕೊಂಡು ಒಳಗೋಡುತ್ತಾರೆ.

ನಾಯಕಿ ಇನ್ನೊಂದು ಸಣ್ಣ ಕೆಲಸವನ್ನೂ ಮಾಡಿದ್ದರು. ಪರೀಕ್ಷೆಯಾಗದ ಔಷಧಿ ಯಾವ ಆಸ್ಪತ್ರೆಗೂ ಹೋಗಬಾರದೆಂದು ಕಾನೂನು ತಂದು ಊರೂರಿಗೆ ಪರೀಕ್ಷಾಲಯ ಕಟ್ಟಿಸಿದ್ದರು. ಅವುಗಳಲ್ಲಿ ಮುಕ್ಕಾಲು ಪಾಲು ಈಗ ಬೀಗ ಹಾಕಿಕೊಂಡು ಕೂತಿವೆ. ಅವೂ ಮೌನವನ್ನೇ ಆಚರಿಸುತ್ತಿವೆ ಎಂದು ಸಮಾಧಾನ ಮಾಡಿಕೊಳ್ಳಬಹುದು.

ಇಷ್ಟು ದೊಡ್ಡ ಮೌನಕ್ಕೆ ಒಬ್ಬ ಮೂಲಪುರುಷನಿದ್ದಾನೆ. ಅವನ ಹೆಸರು ಸರ್ಕಾರಿ ಕಾಗದದಲ್ಲಿ ಏನೇ ಇರಲಿ, ಎಲ್ಲರ ಬಾಯಲ್ಲಿ ಗುಂಜಿಯಣ್ಣ. ನಾಯಕಿ ಓದಿದ ಹಳೆಯ ಪ್ರಯೋಗಾಲಯದ ಎರಡನೆಯ ಮಹಡಿಯ ತುದಿಯಲ್ಲಿ, ಬಿಸಿಲು ಬೀಳದ ಒಂದು ಕೋಣೆಯಲ್ಲಿ, ಕಲ್ಲಿನ ಮೇಜಿನ ಮೇಲಿರುವ ತಕ್ಕಡಿಯ ಯಜಮಾನ. ತೂಕದಲ್ಲಿ ಗುಂಜಿಯಷ್ಟು ವ್ಯತ್ಯಾಸ ಬಂದರೂ ಅವನಿಗೆ ಅನ್ನ ಸೇರದು. ಮೂರು ಸಲ ನಿವೃತ್ತನಾದ. ಬೇರೆ ಯಾರಿಗೂ ಆ ತಕ್ಕಡಿ ಬಗ್ಗದ ಕಾರಣ ಮೂರು ಸಲವೂ ಮನೆಗೆ ಬಂದು ಕರೆದುಕೊಂಡು ಹೋದರು.

ಆ ಕೋಣೆಯ ಕಾನೂನು ಎರಡೇ. ತೂಕದ ಕಲ್ಲುಗಳನ್ನು ಕೈಯಲ್ಲಿ ಮುಟ್ಟಕೂಡದು, ಚಿಮಟದಲ್ಲಿ ಎತ್ತಬೇಕು. ಹೆಸರಿಗೆ ಕಲ್ಲಾದರೂ ಹಿತ್ತಾಳೆ, ಬೆರಳಿನ ಬೆವರು ಅಂಟಿದರೂ ತೂಕ ಏರುತ್ತದೆ. ಎರಡನೆಯದು, ತಕ್ಕಡಿಯ ಮುಳ್ಳು ಅಲ್ಲಾಡುತ್ತಿರುವಾಗ ಉಸಿರೆತ್ತಕೂಡದು.

ನಲವತ್ತೈದು ವರ್ಷದ ಹಿಂದೆ ಈ ಕೋಣೆಗೆ ಒಬ್ಬ ವಿದ್ಯಾರ್ಥಿನಿ ಮಾತಾಡಿಕೊಂಡೇ ಬಂದಳು. ಮೆಟ್ಟಿಲು ಹತ್ತುವಾಗ ಶುರುವಾದ ಮಾತು ತಕ್ಕಡಿಯ ಮುಂದೆಯೂ ನಿಲ್ಲಲಿಲ್ಲ. ಇದು ಎಷ್ಟು ಹಳೇದು, ಕಿಟಕಿ ಯಾಕೆ ತೆಗೆಯಲ್ಲ, ನಿಮಗೆ ಬೇಜಾರಾಗಲ್ವಾ.

“ಬಾಯಿ ಮುಚ್ಚು ತಾಯಿ,” ಎಂದ ಗುಂಜಿಯಣ್ಣ. “ಮುಳ್ಳು ನಿಲ್ಲಲಿ.”

ಮುಳ್ಳು ನಿಲ್ಲಲು ಹನ್ನೊಂದು ಸೆಕೆಂಡು ಬೇಕಿತ್ತು. ಆಕೆ ಏಳಕ್ಕೇ ಬಾಯಿ ತೆರೆಯುತ್ತಿದ್ದಳು. ಇವನು ಕಲ್ಲುಗಳನ್ನೆಲ್ಲ ಇಳಿಸಿ ಮೊದಲಿನಿಂದ ತೂಗಿಸುತ್ತಿದ್ದ. ನಾಲ್ಕು ವರ್ಷ ಹೀಗೇ ನಡೆದ ಮೇಲೆ ದೇಶಕ್ಕೆ ಒಬ್ಬ ಧೀರಗಂಭೀರ ನಾಯಕಿ ಸಿಕ್ಕಳು.

ಕಲಿಸಿದವನಿಗೂ ಅದೇ ರೋಗ. ಹೆಣ್ಣು ನೋಡಲು ಹೋದಾಗ “ಹುಡುಗಿ ಒಪ್ಪಿಗೆಯಾ?” ಎಂದು ಮಾವನಾಗಬೇಕಾದವರು ಕೇಳಿದರೆ ಇವನು ಎಷ್ಟು ಹೊತ್ತು ಸುಮ್ಮನಿದ್ದನೆಂದರೆ, ಇವನ ಜೊತೆ ಬಂದವರು ಎದ್ದು ಚಪ್ಪಲಿ ಹಾಕಿಕೊಂಡಿದ್ದರು. ಹೆಂಡತಿ ಉಪ್ಪು ಸರಿಯಾಗಿದೆಯಾ ಎಂದು ಕೇಳಿ, ಪಾತ್ರೆ ತೊಳೆದು ಬಂದು ಉತ್ತರ ಪಡೆಯುವುದು ಈಗಲೂ ರೂಢಿ.

ಹೀಗಿರುವಾಗ ಸ್ಮಾರಕ ಸಮಿತಿ ಹುಟ್ಟಿತು. ಅದರ ಅಧ್ಯಕ್ಷರು ಅದೇ ಮೌನಪೀಠದ ಪ್ರಾಧ್ಯಾಪಕರು. ಪ್ರಯೋಗಾಲಯವನ್ನು ಸ್ಮಾರಕ ಮಾಡಿ, ನಾಯಕಿ ಮುಟ್ಟಿದ ತಕ್ಕಡಿಯನ್ನು ಗಾಜಿನ ಪೆಟ್ಟಿಗೆಯಲ್ಲಿ ಮುಚ್ಚಿ ಮೊಹರು ಹಾಕುವುದೆಂದು ತೀರ್ಮಾನವಾಯಿತು. ಗುಂಜಿಯಣ್ಣ ಅಧ್ಯಕ್ಷರ ಬಾಗಿಲಿಗೆ ಹೋಗಿ ನಿಂತ. ಪ್ರತಿ ಸೋಮವಾರ ಮಕ್ಕಳಾಸ್ಪತ್ರೆಯ ಔಷಧಿ ತೂಕ ನೋಡಲು ಅವನ ಬಳಿ ಬರುತ್ತಿತ್ತು. ಅಷ್ಟು ಸಣ್ಣ ತೂಕ ಹೇಳುವ ತಕ್ಕಡಿ ಊರಲ್ಲಿ ಉಳಿದದ್ದು ಅದೊಂದೇ.

“ತಕ್ಕಡಿ ಮುಚ್ಚಬೇಡಿ ಸಾರ್. ಮಕ್ಕಳ ಔಷಧಿ.”

ಅಧ್ಯಕ್ಷರು ದಯಾಳು. “ಆಯ್ತಪ್ಪ. ತಕ್ಕಡಿ, ಕಲ್ಲು ಎಲ್ಲಾ ನಿನ್ನ ಕೈಲೇ ಇರ್ಲಿ, ತೂಗ್ತಾ ಇರು. ಉದ್ಘಾಟನೆ ದಿನ ಮಂತ್ರಿಗಳು ಆ ಮೌನದ ಗುಟ್ಟು ಕೇಳ್ತಾರೆ. ಆಗ ಒಂದೇ ಒಂದು ವಾಕ್ಯ ಹೇಳ್ಬಿಡು: ‘ಆ ಮೌನದಲ್ಲಿ ಅವರು ದೇಶದ ಎದೆಬಡಿತ ಕೇಳಿಸಿಕೊಳ್ಳುತ್ತಿದ್ದರು.’ ಅಮೃತಶಿಲೆ ಮೇಲೆ ಕೆತ್ತಿಸಿಯೂ ಆಗಿದೆ.”

ಗುಂಜಿಯಣ್ಣ ಮನೆಗೆ ಬಂದು ಕನ್ನಡಿಯ ಮುಂದೆ ಅಭ್ಯಾಸ ಮಾಡಿದ. ದೇಶದವರೆಗೆ ಬರುತ್ತಿತ್ತು, ಎದೆಬಡಿತಕ್ಕೆ ನಾಲಿಗೆ ತೊಡರುತ್ತಿತ್ತು.

“ಹೇಳ್ಬಿಡಿ ರೀ,” ಎಂದಳು ಹೆಂಡತಿ. “ನಮ್ಮಮ್ಮನ ಕೈ ಅಡುಗೆ ಚೆನ್ನಾಗಿದೆ ಅಂತ ಹೇಳಿರ್ಲಿಲ್ವಾ?”

ಸ್ವಲ್ಪ ಹೊತ್ತಾಯಿತು. “ಹೇಳಿದ್ದೆ.”

“ಹೇಳಿ ಸತ್ತು ಹೋದ್ರಾ ನೀವು?”

“ಎರಡನೇ ಸಲ ಬಡಿಸಿದ್ರು.”

ಅಂತೂ ವಾಕ್ಯ ಬಾಯಿಗೆ ಬಂತು. ಉದ್ಘಾಟನೆ ಒಂದು ಸೋಮವಾರ ಬಿತ್ತು. ಇಸ್ತ್ರಿ ಅಂಗಿ ತೊಟ್ಟು ಗುಂಜಿಯಣ್ಣ ತಕ್ಕಡಿಯ ಕೋಣೆಗೆ ಹೋದರೆ, ಆಸ್ಪತ್ರೆಯ ಔಷಧಿಯ ಪೊಟ್ಟಣ ಆಗಲೇ ಬಂದು ಮೇಜಿನ ಮೇಲೆ ಕೂತಿತ್ತು. ಪಕ್ಕದಲ್ಲಿ ಕಲ್ಲುಗಳ ಪೆಟ್ಟಿಗೆ ತೆರೆದಿತ್ತು. ಒಳಗಿನ ಇಪ್ಪತ್ತೊಂದು ಕಲ್ಲುಗಳೂ ಮದುಮಗಳ ಬಳೆಗಳ ಹಾಗೆ ಥಳಥಳ ಹೊಳೆಯುತ್ತಿದ್ದವು.

“ಹೇಗಿದೆ?” ಎಂದರು ಹಿಂದಿನಿಂದ ಬಂದ ಅಧ್ಯಕ್ಷರು. “ಕಪ್ಪು ಹಿಡಿದು ಹೋಗಿದ್ವಲ್ಲ. ಮರಳುಕಾಗದ ಕೊಟ್ಟು ಮೂರು ಜನಾನ ಎರಡು ದಿನ ಕೂರಿಸಿದ್ದೆ.”

ನಲವತ್ತೆಂಟು ವರ್ಷ ಬೆರಳು ತಾಗಿಸದೆ ಕಾಪಾಡಿದ ಕಲ್ಲುಗಳವು. ಗುಂಜಿಯಣ್ಣ ಚಿಮಟದಿಂದ ಒಂದನ್ನು ಎತ್ತಿ, ಬೆಳಕಿಗೆ ಹಿಡಿದು, ಮೈಮೇಲಿನ ಗೀರುಗಳನ್ನು ನೋಡಿದ. ಎಷ್ಟು ಸವೆದಿದೆಯೆಂದು ತೂಗಿ ನೋಡಲು ಬೇಕಾದ ಕಲ್ಲುಗಳೇ ಸವೆದುಹೋಗಿದ್ದವು. ಹೊಸ ಕಲ್ಲುಗಳಿಗೆ ಅವನು ಹಾಕಿದ ಅರ್ಜಿಗೆ ನಾಲ್ಕು ವರ್ಷವಾಗಿತ್ತು. ಅದು ಯಾವ ಮೇಜಿನ ಮೇಲೆ ಧ್ಯಾನಕ್ಕೆ ಕೂತಿದೆಯೋ ಗೊತ್ತಿರಲಿಲ್ಲ.

“ಇನ್ನು ಔಷಧಿ ಯಾವುದರಲ್ಲಿ ತೂಗ್ಲಿ ಸಾರ್?”

“ಅಯ್ಯೋ, ತಕ್ಕಡಿ ನಿಂದೇ ಅಂದ್ನಲ್ಲಪ್ಪ,” ಎಂದು ಅಧ್ಯಕ್ಷರು ಅವನ ಬೆನ್ನು ತಟ್ಟಿದರು. “ವಾಕ್ಯ ನೆನಪಿದೆ ತಾನೆ?”

ಪೊಟ್ಟಣವನ್ನು ತೂಗದೆ ಅಂಗಿಯ ಜೇಬಿಗೆ ಹಾಕಿಕೊಂಡು ಗುಂಜಿಯಣ್ಣ ವೇದಿಕೆ ಹತ್ತಿದ.

ವೇದಿಕೆಯ ಮೇಲೆ, ಕೋಣೆಯಿಂದ ಹೊತ್ತು ತಂದಿಟ್ಟ ತಕ್ಕಡಿ ಮತ್ತು ಕಲ್ಲುಗಳ ಪೆಟ್ಟಿಗೆಯ ಪಕ್ಕ ಅಮೃತಶಿಲೆಯಿತ್ತು, ಅದರ ಪಕ್ಕ ಮಂತ್ರಿಗಳು. ಮಂತ್ರಿಗಳು ಪೆಟ್ಟಿಗೆಯಿಂದ ಎಲ್ಲಕ್ಕಿಂತ ದೊಡ್ಡ ಕಲ್ಲನ್ನು ಬರಿಗೈಯಲ್ಲಿ ಎತ್ತಿ, ಫೋಟೋದವರ ಕಡೆ ಒಂದು ಸಲ, ಜನರ ಕಡೆ ಒಂದು ಸಲ ತೋರಿಸಿದರು. ಆಮೇಲೆ ಮೈಕಿಗೆ ಬಾಗಿದರು.

“ಹಿರಿಯರೇ, ಆ ಮಹಾಮೌನವನ್ನು ಹತ್ತಿರದಿಂದ ಕಂಡವರು ನೀವೊಬ್ಬರೇ. ನಮ್ಮ ನಾಯಕಿ ಅದರಲ್ಲಿ ಏನು ಕೇಳಿಸ್ಕೊಳ್ತಿದ್ರು?”

ಗುಂಜಿಯಣ್ಣ ತುಟಿ ಬಿಗಿದ. ಉಸಿರು ಹಿಡಿದ. ಮಂತ್ರಿಗಳ ಮುಷ್ಟಿಯಲ್ಲಿದ್ದ ಕಲ್ಲನ್ನೇ ನೋಡುತ್ತ ನಿಂತ. ಸಭೆಯಲ್ಲಿ ಮಿಂಚು ಹರಿದಂತಾಯಿತು. ಅದೇ ಮೌನ, ಅದೇ ನೋಟ. ಫೋಟೋದವನೊಬ್ಬ ಆ ಮುಖ ಹಿಡಿಯಲು ನೆಲದ ಮೇಲೆ ಮಲಗಿಯೇಬಿಟ್ಟ. ಅಧ್ಯಕ್ಷರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ಇಂಥ ಎರಡನೆಯ ಮೌನಕ್ಕೆ ಇನ್ನೊಂದು ಪೀಠ ಬೇಕಾಗಬಹುದೇ ಎಂದು ಯೋಚಿಸತೊಡಗಿದರು. ಉಪ್ಪಿನ ವಿಷಯಕ್ಕೂ ಇದೇ ಮುಖ ನೋಡಿದ್ದ ಹೆಂಡತಿ ಮಾತ್ರ ಮೂರನೆಯ ಸಾಲಿನಲ್ಲಿ ಸೆರಗು ಸರಿಮಾಡಿಕೊಂಡು, ಮನೆಗೆ ಹೊರಡುವವಳ ಹಾಗೆ ಚೀಲ ಎತ್ತಿ ಮಡಿಲಲ್ಲಿಟ್ಟುಕೊಂಡಳು.

ಹನ್ನೊಂದು ಸೆಕೆಂಡು ಮುಗಿಯಿತು.

“ಏನೂ ಕೇಳಿಸ್ಕೊಳ್ತಿರ್ಲಿಲ್ಲ ಸ್ವಾಮಿ. ಮಾತಾಡಿದ್ರೆ ಉಸಿರಿಗೆ ತಟ್ಟೆ ಅಲ್ಲಾಡುತ್ತೆ ಅಂತ ನಾನು ಬೈತಿದ್ದೆ, ಆ ಹುಡುಗಿಗೆ ಅದೇ ಅಭ್ಯಾಸ ಆಗೋಯ್ತು. ಆ ಕಲ್ಲು ನೀವೇ ಇಟ್ಕೊಳ್ಳಿ, ಇನ್ನು ಅದರಲ್ಲಿ ಔಷಧಿ ತೂಗಕ್ಕಾಗಲ್ಲ.”