ಮೂರನೇ ತಗಡು

ನಾಮಫಲಕದ ಅಂಗಡಿಯಲ್ಲಿ ಎಲ್ಲರೂ ಅವಳನ್ನು ಸುತ್ತಿಗೆಯಮ್ಮ ಎಂದೇ ಕರೆಯುವುದು. ಉಕ್ಕಿನ ಅಚ್ಚನ್ನು ತಗಡಿನ ಮೇಲೆ ನಿಲ್ಲಿಸಿ ಒಂದೇ ಏಟಿಗೆ ಅಕ್ಷರ ಮೂಡಿಸುವುದರಲ್ಲಿ ಅವಳದು ಎತ್ತಿದ ಕೈ. ಹತ್ತೊಂಬತ್ತು ವರ್ಷದಿಂದ ಊರವರ ಬಾಗಿಲುಗಳಿಗೆ ಹೆಸರು ಹೊಡೆದಿದ್ದಾಳೆ. ತನ್ನ ಮನೆಯ ಬಾಗಿಲಿಗೂ ಹೊಡೆದಿದ್ದಾಳೆ, ಗಂಡನ ಹೆಸರು.

ಅಂಗಡಿಯಲ್ಲಿ ಅವಳೊಬ್ಬಳೇ ಇದ್ದ ಮಧ್ಯಾಹ್ನ ಗಂಡ ಎರಡು ಸ್ಟೀಲ್ ತಗಡು, ಒಂದು ಚೀಟಿ ಹಿಡಿದು ಬಂದ. ಚೀಟಿಯಲ್ಲಿ ಹನ್ನೆರಡು ಪದ. ಫೋನು ಕಳೆದರೆ, ಅವನ ಡಿಜಿಟಲ್ ಹಣವಿರುವ ಕ್ರಿಪ್ಟೋ ವಾಲೆಟ್ ಮತ್ತೆ ತೆರೆಯುವುದು ಆ ಪದಗಳನ್ನು ಅದೇ ಕ್ರಮದಲ್ಲಿ ಕೊಟ್ಟರೆ ಮಾತ್ರ. ಬೇರೆಯವರಿಗೆ ಸಿಕ್ಕರೆ ದುಡ್ಡು ಅವರ ಪಾಲು. ಇಷ್ಟು ದಿನ ಚೀಟಿ ಅವನ ಅಕ್ಕನ ಬೀರುವಿನಲ್ಲಿತ್ತು. ತೇವ ಹಿಡಿದು ಶಾಯಿ ಹರಡತೊಡಗಿತ್ತು.

"ಒಂದು ಅಕ್ಕನಿಗೆ, ಒಂದು ಬ್ಯಾಂಕ್ ಲಾಕರ್‌ಗೆ."

"ನಂಗೆ?"

"ನೀನು ಕ್ಲೀನ್ ಮಾಡೋ ಭರದಲ್ಲಿ ಎಲ್ಲಾದ್ರೂ ಎಸೆದ್ಬಿಡ್ತೀಯ."

ಅವನ ಕಾಲುಚೀಲದ ಜೋಡಿಯಿಂದ ಮನೆಪತ್ರದವರೆಗೆ ಹುಡುಕಿಕೊಡುವವಳು ಇವಳು. ವರ್ಷಕ್ಕೆರಡು ಸಲ ಬಂದು, ಕುಡಿದ ಲೋಟವನ್ನು ಕೂತಲ್ಲೇ ಬಿಟ್ಟು ಹೋಗುವ ಅಕ್ಕ ನಂಬಿಕಸ್ಥೆ!

ಅದೂ ಸಾಲದೆಂದು ಅವನು ಚೀಟಿಗೆ ಅಂಗೈ ಮುಚ್ಚಿ ಎರಡೂ ತಗಡಿಗೆ ಹೊಡೆಯಲು ಒಂದೊಂದೇ ಪದ ತೋರಿಸತೊಡಗಿದ.

"ಏನ್ರೀ, ಪರೀಕ್ಷೆಲಿ ಪಕ್ಕದವಳು ಕಾಪಿ ಹೊಡೀತಾಳೆ ಅನ್ನೋ ಹಾಗೆ! ಅಚ್ಚು ಹೊಡೀತಿರೋಳು ನಾನೇ ಅಲ್ವಾ?"

"ಹೊಡಿ ಅಷ್ಟೇ. ನೆನಪಿಟ್ಕೋಬೇಡ."

ಎರಡೂ ತಗಡು ಮುಗಿದ ಮೇಲೆ ಅವಳು ಬಿಡಲಿಲ್ಲ. "ಇದನ್ನೇ ನೋಡ್ಕೊಂಡು ಹಳೇ ಫೋನಲ್ಲಿ ವಾಲೆಟ್ ತೆಗೀರಿ. ತಾಳೆ ನೋಡದೆ ಯಾವ ಬೋರ್ಡನ್ನೂ ನಾನು ಆಚೆ ಕಳಿಸಲ್ಲ."

ಗೊಣಗುತ್ತ ಪದಗಳನ್ನು ಒತ್ತಿದ. ತೆರೆಯಲಿಲ್ಲ. ಮತ್ತೆ ಒತ್ತಿದ. ಅವನ ಮುಖ ಬಿಳಿಚಿಕೊಂಡಿತು.

"ಚೀಟಿ ಕೊಡಿ," ಎಂದು ಕೈಚಾಚಿದಳು.

ಅಂಗೈ ಎತ್ತದೆ ಬೇರೆ ದಾರಿಯಿರಲಿಲ್ಲ. ಆಗ ತೋರಿಸುವಾಗ ಏಳನೆಯ ಪದ ಅವನ ಹೆಬ್ಬೆರಳಿನ ಕೆಳಗೆ ಅಡಗಿಹೋಗಿತ್ತು. ಎಂಟನೆಯದನ್ನು ಮೊದಲು ತೋರಿಸಿ, ಏಳನೆಯದನ್ನು ಆಮೇಲೆ ತೋರಿಸಿದ್ದ.

"ಮುಚ್ಚಿಟ್ಟಿದ್ದು ನನ್ನಿಂದ, ಸಿಕ್ಕಿಬಿದ್ದಿದ್ದು ನೀವು!"

ತಪ್ಪಾದ ತಗಡುಗಳನ್ನು ಅಕ್ಷರ ಗುರುತು ಸಿಗದಂತೆ ಬಡಿದು ಹಾಕಿ, ಅಂಗಡಿಯಿಂದಲೇ ಹೊಸ ತಗಡು ತೆಗೆದುಕೊಂಡು ಚೀಟಿ ನೋಡಿ ಮತ್ತೆ ಹೊಡೆದಳು. ಈ ಸಲ ವಾಲೆಟ್ ತೆರೆಯಿತು. ಅವನು ತಗಡುಗಳನ್ನು ಎಣಿಸಿದ.

"ಮೂರು ಯಾಕೆ?"

"ಇದು ನಂದು."

"ಎಲ್ಲಿಡ್ತೀಯ?"

"ಟಾಯ್ಲೆಟ್ ಉಜ್ಜೋ ಬ್ರಷ್ ಇರೋ ಕಪಾಟಲ್ಲಿ. ಮದುವೆ ಆದಾಗಿಂದ ನೀವು ಅದರ ಬಾಗಿಲೇ ತೆಗೆದಿಲ್ಲ."

ಅವನು ಲಾಕರ್‌ನ ತಗಡನ್ನು ಚೀಲಕ್ಕೆ ಹಾಕಿಕೊಂಡ.

ಅಕ್ಕನ ತಗಡನ್ನು ಸುತ್ತಿಕೊಡುವ ಮೊದಲು ಅವಳು ಅದನ್ನೂ ತನ್ನದನ್ನೂ ಬೆಳಕಿಗೆ ಹಿಡಿದಳು. ತನ್ನದರ ಅಕ್ಷರ ಕೂದಲೆಳೆಯಷ್ಟು ಹೆಚ್ಚು ಆಳ. ಸಾಲದೆನಿಸಿತು. ಅಚ್ಚನ್ನು ಅದೇ ಗುಳಿಯಲ್ಲಿ ನಿಲ್ಲಿಸಿ ಇನ್ನೊಂದು ಏಟು ಹಾಕಿದಳು.