ನಾಲ್ಕುನೂರ ಹದಿನೇಳಕ್ಕೆ ಅನ್ನ

ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ ಅಡುಗೆಯಕ್ಕ ಎಂದೇ ಕರೆಯುತ್ತಿದ್ದರು. ರೋಗಿಗಳ ಮೈಯಿಂದ ತೆಗೆದ ಶಿಲೀಂಧ್ರಗಳಿಗೆ ಆಹಾರ ಬೇಯಿಸುವುದು ಅವಳ ಕೆಲಸ. ಸಕ್ಕರೆ, ಪೆಪ್ಟೋನ್, ಅಗರ್ ಪುಡಿ ತೂಗಿ, ನೀರಲ್ಲಿ ಕಲಸಿ, ಹಬೆಯಲ್ಲಿ ಬೇಯಿಸಿ ಗಾಜಿನ ತಟ್ಟೆಗಳಿಗೆ ಹುಯ್ಯುತ್ತಿದ್ದಳು. ಹತ್ತೊಂಬತ್ತು ವರ್ಷದಲ್ಲಿ ಉಪ್ಪು ಕಡಿಮೆ ಅಂತ ಒಂದೂ ದೂರಿಲ್ಲ ಎಂದು ನಗಿಸುತ್ತಿದ್ದಳು.

ನಾಲ್ಕುನೂರ ಹದಿನೇಳನೆಯ ಶಿಲೀಂಧ್ರ ಅವಳ ತಮ್ಮನ ಬೆನ್ನುಹುರಿಯ ನೀರಿನಿಂದ ಬಂದದ್ದು. ಚೀಟಿಯಲ್ಲಿ ಹೆಸರಿರಲಿಲ್ಲ, ವಯಸ್ಸು, ವಾರ್ಡು, ತಾರೀಖು ಇದ್ದವು. ಅವಳಿಗೆ ಅಷ್ಟು ಸಾಕಾಗಿತ್ತು. ಮೂರು ಔಷಧಗಳಿಗೂ ಬಗ್ಗದೆ ಅದು ಅವನನ್ನು ಇಪ್ಪತ್ತಾರು ದಿನದಲ್ಲಿ ಮುಗಿಸಿತ್ತು. ಅದರ ಒಂದು ಕೊಳವೆ ಫ್ರೀಜರಿಗೆ ಹೋಯಿತು. ತಟ್ಟೆಯಲ್ಲಿ ಉಳಿದದ್ದನ್ನು ಹಬೆಯಲ್ಲಿ ಕೊಂದು ಎಸೆಯಬೇಕಿತ್ತು. ಅವಳಿಗೆ ಕೈ ಬರಲಿಲ್ಲ. ಫ್ರೀಜರಿನದು ನಿದ್ದೆಯಲ್ಲಿತ್ತು, ಅವನೊಳಗಿದ್ದು ಇನ್ನೂ ಎಚ್ಚರವಾಗಿದ್ದದ್ದು ಇದೊಂದೇ.

ಪ್ರತಿ ಸೋಮವಾರ, ಯಾರೂ ಬರುವ ಮುಂಚೆ, ತಂತಿಯ ತುದಿಯಲ್ಲಿ ಒಂದು ಚುಕ್ಕೆ ಎತ್ತಿ ಹೊಸ ತಟ್ಟೆಗೆ ಹಚ್ಚಿ ಕಾವುಪೆಟ್ಟಿಗೆಯ ಹಿಂದಿನ ಮೂಲೆಯಲ್ಲಿಡುತ್ತಿದ್ದಳು. ಗುರುವಾರಕ್ಕೆ ಕೆನೆಬಣ್ಣದ ಹನಿಗಳು ಏಳುತ್ತಿದ್ದವು, ಒದ್ದೆಯಾಗಿ ಹೊಳೆಯುತ್ತ. ಮುಚ್ಚಳ ತೆರೆಯದೆ ನೋಡುತ್ತ ನಿಲ್ಲುತ್ತಿದ್ದಳು. ಒಮ್ಮೆ ಅಮ್ಮನಿಗೆ ಹೇಳಿದಳು. ಅಮ್ಮ ಗೋಡೆಯ ಕಡೆ ಹೊರಳಿದಳು.

"ಅವನನ್ನ ತಿಂದದ್ದಕ್ಕೆ ನೀನು ಅನ್ನ ಹಾಕ್ತಿದೀಯಾ?"

ಐದನೆಯ ವರ್ಷ ಆ ತಟ್ಟೆ ಪ್ರಯೋಗಾಲಯದ ಸಂಶೋಧಕಿಯೊಬ್ಬಳ ಕಣ್ಣಿಗೆ ಬಿತ್ತು. ಅಕ್ಕ ಎಲ್ಲವನ್ನೂ ಒಪ್ಪಿಕೊಂಡಳು. ಕೆಲಸ ಹೋದರೆ ಹೋಗಲಿ, ಅದನ್ನು ಮಾತ್ರ ಹಬೆಗೆ ಹಾಕಬೇಡಿ ಎಂದಳು. ಸಂಶೋಧಕಿ ತಟ್ಟೆಯನ್ನು ಬೆಳಕಿಗೆ ಹಿಡಿದಳು. ತಟ್ಟೆಯ ಹನಿಗಳಲ್ಲಿ ಹೊಳಪಿರಲಿಲ್ಲ ಎಂಬುದು ಅವಳನ್ನು ಕಾಡುತ್ತಿತ್ತು. ಫ್ರೀಜರಿನದನ್ನು ಎಬ್ಬಿಸಿ, ಎರಡನ್ನೂ ಬೆಳೆಸಿ, ಮಧ್ಯೆ ಔಷಧದ ಬಿಲ್ಲೆ ಇಟ್ಟಳು. ಹಳೆಯದು ಬಿಲ್ಲೆಯ ಅಂಚಿನವರೆಗೂ ಹಬ್ಬಿತು. ಅಕ್ಕನದು ಹೆದರಿದಂತೆ ದೂರ ನಿಂತಿತು. ಇಲಿಗಳಿಗೆ ಕೊಟ್ಟು ನೋಡಿದರು: ಹಳೆಯದು ಕೊಂದಿತು, ಅಕ್ಕನದು ಕೊಲ್ಲಲಿಲ್ಲ. ಎರಡರ ನಡುವಿನ ವ್ಯತ್ಯಾಸವನ್ನು ಸೋಸುತ್ತ ಹೋದಾಗ ಕೊನೆಗೆ ಒಂದು ಜೀನ್ ಉಳಿಯಿತು. ಔಷಧವನ್ನು ತಡೆಯುವುದೂ ಮೈಗೆ ಆ ಹೊಳೆಯುವ ಕವಚ ಹೊದಿಸುವುದೂ ಅದರ ಕೈಯಲ್ಲೇ ಇತ್ತು. ಔಷಧವಿಲ್ಲದ, ಶತ್ರುವಿಲ್ಲದ ತಟ್ಟೆಯಲ್ಲಿ ಅದು ಕೆಟ್ಟುಹೋಗಿತ್ತು.

"ನಿಮ್ಮ ಅನ್ನ ತಿಂದು ತಿಂದು ಕೊಲ್ಲೋದನ್ನ ಮರೆತಿದೆ, ಅಕ್ಕ."

ಅಕ್ಕ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಇಷ್ಟೇನಾ ಮೇಡಂ? ಅವನೊಳಗಿದ್ದಾಗ ಇದೊಂದು ಕೆಟ್ಟಿದ್ರೆ ಸಾಕಿತ್ತಾ?"

ಕೆಲಸ ಉಳಿಯಿತು. ಅವಳದಕ್ಕೂ ಹೊಸ ಸಂಖ್ಯೆ ಕೊಟ್ಟು ಹಳೆಯದರ ಪಕ್ಕದಲ್ಲೇ ಫ್ರೀಜರಿನಲ್ಲಿಟ್ಟರು. ಇನ್ನು ಅದಕ್ಕೆ ಉಣಿಸುವ ಹಾಗಿಲ್ಲ. ಆದರೂ ಸೋಮವಾರ ಅವಳ ಕೈ ಒಂದು ತಟ್ಟೆ ಹೆಚ್ಚು ಹುಯ್ಯುತ್ತದೆ. ಏನೂ ಹಚ್ಚದೆ ಹಿಂದಿನ ಮೂಲೆಯಲ್ಲಿಡುತ್ತಾಳೆ. ಗುರುವಾರ ಬಾಗಿ ನೋಡುತ್ತಾಳೆ. ತಟ್ಟೆ ಶುದ್ಧವಾಗಿರುತ್ತದೆ.