ನಿಂತೇ ಇದ್ದ ಏಳು ಮಕ್ಕಳು

ಮೊನ್ನೆ ನಮ್ಮ ಓಣಿಯಲ್ಲಿ ನೀರಿನ ಪೈಪು ಹಾಕಲು ಅಗೆದರು. ಮೇಲಿನ ಮಣ್ಣಿಗೆ ವಾಸನೆ ಇರಲಿಲ್ಲ. ಎದೆಯ ಮಟ್ಟ ಇಳಿದ ಮೇಲೆ ಎರೆಮಣ್ಣಿನ ತಣ್ಣನೆಯ ವಾಸನೆ ಬಂತು, ಜೋಳ ತುಂಬಿಡುವ ಹಳೆಯ ಹಗೇವಿನ ಬಾಯಿ ತೆರೆದ ಹಾಗೆ. ಬಾಗಿಲಲ್ಲಿ ಕೂತು ಬೇಳೆ ಆರಿಸುತ್ತಿದ್ದ ನನ್ನ ಕೈ ಹಾಗೇ ನಿಂತಿತು. ಬಾಲವಾಡಿಯಲ್ಲಿ ಕಲಿಸುತ್ತಿದ್ದ ಅಕ್ಕೋರು ನೆನಪಾದರು.

ಭೂಕಂಪವಾಗಿ ಎರಡನೆಯ ವರ್ಷ ಅದು. ಗಡಿಯಾಚೆ ಮರಾಠಿ ಸೀಮೆಯಲ್ಲಿ, ಸಾಸ್ತೂರಿನ ಹತ್ತಿರ ನಮ್ಮೂರು. ಊರು ಬಿದ್ದಿತ್ತು, ಹೊಸ ಮನೆ ಎದ್ದಿರಲಿಲ್ಲ, ತಗಡಿನ ಪತ್ರಾದ ಶೆಡ್ಡುಗಳಲ್ಲಿದ್ದೆವು. ಅಕ್ಕೋರು ಬೇರೆ ಊರಿನವರು. ಅವರ ಊರೂ ಬಿದ್ದಿತ್ತು. ಕೊನೆಯ ಶೆಡ್ಡಿನಲ್ಲಿ ಒಬ್ಬರೇ ಇರುತ್ತಿದ್ದರು. ನಿಮ್ಮವರು ಯಾರು ಹೋದರು ಎಂದು ಆಗ ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಕೇಳಿದರೆ ನಮ್ಮದನ್ನೂ ಹೇಳಬೇಕಾಗುತ್ತಿತ್ತು.

ನನ್ನ ಮಗಳು ಹೋಗಿದ್ದಳು. ಅವಳ ಮಗಳು, ಹದಿನಾರು ವರ್ಷದವಳು, ನನ್ನ ಪಾಲಿಗೆ ಉಳಿದಿದ್ದಳು. ಆ ಹುಡುಗಿ ಮೊದಲು ಉಣ್ಣುವಾಗ ನೆಲಕ್ಕೆ ಕೂಡುವುದನ್ನು ಬಿಟ್ಟಳು, ನಿಂತೇ ಉಣ್ಣುತ್ತಿದ್ದಳು. ಆಮೇಲೆ ಕೂಡುವುದನ್ನೇ ಬಿಟ್ಟಳು. ನಿದ್ದೆ ಬಂದರೆ ಶೆಡ್ಡಿನ ಕಂಬಕ್ಕೆ ಬೆನ್ನು ಕೊಟ್ಟು ಕಣ್ಣು ಮುಚ್ಚುವಳು. ಸೋತು ನೆಲಕ್ಕೆ ಬಿದ್ದರೂ ಎಚ್ಚರವಾದ ಕೂಡಲೇ ಎದ್ದು ನಿಲ್ಲುವಳು. ಬೈದೆ. ಹೊಡೆದೆ ಕೂಡ, ಸುಳ್ಳು ಯಾಕೆ ಹೇಳಲಿ. ಹೆಗಲು ಹಿಡಿದು ಒತ್ತಿದರೂ ಮೊಳಕಾಲು ಮಡಚುತ್ತಿರಲಿಲ್ಲ. ಕಾಲು ಬಾತು ಚರ್ಮ ಹೊಳೆಯತೊಡಗಿತು. ಹೀಗೇ ನಿಂತರೆ ಕಾಲು ಕೊಳೆಯುತ್ತವೆ, ಹುಡುಗಿ ಉಳಿಯುವುದಿಲ್ಲ ಎಂದು ಉಮರ್ಗಾದ ಡಾಕ್ಟರು ಹೇಳಿದರು.

ಅಷ್ಟರಲ್ಲಿ ಅವಳ ಜತೆಗೆ ಇನ್ನೂ ಆರು ಮಂದಿ ಸೇರಿದ್ದರು. ಎಲ್ಲರೂ ಅದೇ ಹರೆಯದವರು, ಎಲ್ಲರದೂ ಯಾರೋ ಒಬ್ಬರು ಹೋಗಿದ್ದರು. ಸಂಜೆಯಾದರೆ ಏಳೂ ಮಕ್ಕಳು ಬಿದ್ದ ಊರಿನ ಕಡೆ ಮುಖ ಮಾಡಿ ಸಾಲಾಗಿ ನಿಲ್ಲುತ್ತಿದ್ದರು. ಗಾಳಿ ಬಂದರೆ ಬಟ್ಟೆ ಮಾತ್ರ ಅಲುಗುತ್ತಿತ್ತು. ಮೇಯ್ದು ಬರುವ ದನಗಳು ಆ ಸಾಲನ್ನು ದಾಟುತ್ತಿರಲಿಲ್ಲ, ಸುತ್ತು ಹಾಕಿ ಬರುತ್ತಿದ್ದವು...

ಆಗಲೇ ಯಾವುದೋ ಸಂಸ್ಥೆಯವರು ಹರೆಯದ ಮಕ್ಕಳ ಮನಸ್ಸು ಸುಧಾರಿಸುವ ಕೆಲಸವನ್ನು ಊರಿನವರೇ ಮಾಡಿದರೆ ಸಣ್ಣ ಅನುದಾನ ಕೊಡುತ್ತೇವೆ ಎಂದರು. ಅಕ್ಕೋರು ಅರ್ಜಿ ಬರೆದರು, ಮಂಜೂರಾಯಿತು. ಕ್ಯಾರಮ್ ಬೋರ್ಡು, ಬಣ್ಣದ ಪೆನ್ಸಿಲು, ಒಂದು ಜಮಖಾನೆ ತಂದರು. ಜಮಖಾನೆ ಹಾಸಿ ಮಕ್ಕಳನ್ನು ಕರೆದರು. ಏಳೂ ಮಂದಿ ಬಂದು ಅದರ ಅಂಚಿಗೆ ನಿಂತರು.

ಅಕ್ಕೋರು ಬೈಯಲಿಲ್ಲ. ತಾವೂ ಎದ್ದು ನನ್ನ ಮೊಮ್ಮಗಳ ಎದುರು ನಿಂತರು.

“ಯಾಕ ಕೂಡವಲ್ಲಿ ತಂಗಿ?”

“ಅವ್ವ ನಿಂತಾಳ್ರೀ. ಆಕಿ ನಿಂತಾಗ ನಾ ಹ್ಯಾಂಗ ಕೂಡ್ಲಿ?”

ನನಗೆ ಆಗ ತಿಳಿಯಿತು. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಕುಣಿ ತೆಗೆದು, ಕೂರಿಸಿ, ವಿಭೂತಿ ಇಟ್ಟು ಮಣ್ಣು ಕೊಡುತ್ತೇವೆ. ಭೂಕಂಪದ ದಿನ ಬಿದ್ದ ಮನೆಗಳ ತೊಲೆ ಜಂತಿಗಳನ್ನೇ ಒಟ್ಟಿ ಎಲ್ಲರನ್ನೂ ಒಂದೇ ಕಡೆ ಸುಟ್ಟಿದ್ದರು. ಯಾರ ಪದ್ಧತಿ ಏನು ಎಂದು ಕೇಳುವ ಹೊತ್ತಲ್ಲ ಅದು. ಆದರೆ ಸುಟ್ಟುಹೋದವರಿಗೆ ಕೂಡಲು ಜಾಗವೆಲ್ಲಿ?

ಅಕ್ಕೋರು ಉಳಿದ ಹಣದಲ್ಲಿ ಸಲಿಕೆ, ವಿಭೂತಿ ತಂದು ಹೊಲದ ಅಂಚಿನಲ್ಲಿ ಏಳು ಕುಣಿ ತೆಗೆಸುತ್ತೇನೆ ಎಂದರು. ಕ್ರಿಯೆ ಮಾಡಿಸುವ ನಮ್ಮ ಅಯ್ಯನವರು ಒಪ್ಪಲಿಲ್ಲ.

“ಹೆಣ ಇಲ್ಲದ ಕುಣಿ ತಗೀಬಾರದು ಅಕ್ಕೋರ. ಬಾಯಿ ತಕ್ಕೊಂಡು ಕೂಡ್ತದ. ಯಾರನ್ನರ ಬೇಡ್ತದ.”

“ಬೇಡ್ಲಿ ಬಿಡ್ರಿ ಅಪ್ಪಾ. ಬೇಡಿದ್ರ ನನ್ನ ಹೆಸರ ಹೇಳ್ರಿ.”

ಮಕ್ಕಳೇ ಅಗೆದರು. ಏಳೂ ಮಂದಿ ತಮ್ಮವರ ಒಂದೊಂದು ಬಟ್ಟೆ ತಂದಿದ್ದರು, ಕಲ್ಲುಮಣ್ಣಿನಡಿ ಸಿಕ್ಕದ್ದು. ನನ್ನ ಮೊಮ್ಮಗಳು ಅವ್ವನ ಸೀರೆಯನ್ನು ಎದೆಗೆ ಒತ್ತಿಕೊಂಡು ಕುಣಿಯೊಳಗೆ ಬಗ್ಗಿ ನೋಡಿದಳು.

“ಅವ್ವ ಹಿಡೀತಾಳೇನ್ರೀ ಇದರಾಗ?”

ಅಕ್ಕೋರು ಸೆರಗು ಸಿಕ್ಕಿಸಿಕೊಂಡು ಇಳಿದೇಬಿಟ್ಟರು. ಒಳಗೆ ಚಕ್ಕಳಮಕ್ಕಳ ಹಾಕಿ ಕೂತರು. “ಹಿಡೀತಾಳ ನೋಡು. ತಲಿ ಮ್ಯಾಲ ಗೇಣ ಉಳೀತದ.”

ಅಲ್ಲಿಗೆ ಮುಗಿಯಲಿಲ್ಲ. ಉಳಿದ ಮಕ್ಕಳೂ ನಮ್ಮದೂ ನೋಡ್ರಿ ಎಂದರು. ಅಕ್ಕೋರು ಏಳೂ ಕುಣಿಗಳಲ್ಲಿ ಇಳಿದು ಕೂತರು. ಪ್ರತಿ ಸಲವೂ ಏಳುವುದು ಸ್ವಲ್ಪ ತಡವಾಗುತ್ತಿತ್ತು. ಏಳನೆಯದರಲ್ಲಿ ಕಣ್ಣು ಮುಚ್ಚಿ ಕೂತವರು ಕರೆದರೂ ಓಗೊಡಲಿಲ್ಲ. ನಾನೇ ಬಗ್ಗಿ ಕೈ ಹಿಡಿದು ಎಳೆದೆ. ನೆತ್ತಿಯ ಮೇಲೆ ಬಿಸಿಲಿತ್ತು. ಕೈ ಬಾವಿಯ ಕಲ್ಲಿನ ಹಾಗೆ ತಣ್ಣಗಿತ್ತು.

ಬಟ್ಟೆಗಳನ್ನು ಕೂತ ಆಕಾರಕ್ಕೆ ಮಡಚಿ ಒಳಗಿಟ್ಟು, ವಿಭೂತಿ ಹಾಕಿ, ಮಣ್ಣು ಮುಚ್ಚಿದೆವು. ನನ್ನ ಮಗಳಿಗೆ ನಾನೂ ಮೂರು ಹಿಡಿ ಹಾಕಿದೆ. ಮೊಮ್ಮಗಳು ದಿಬ್ಬದ ಪಕ್ಕದಲ್ಲಿ ಮೆಲ್ಲಗೆ ಕೂತಳು. ಮೊಳಕಾಲು ಕಟಕಟ ಎಂದದ್ದು ನನಗೆ ಕೇಳಿಸಿತು. ಒಬ್ಬೊಬ್ಬರಾಗಿ ಏಳೂ ಮಂದಿ ಕೂತರು. ನಾನೂ ಕೂತೆ. ಅಕ್ಕೋರೊಬ್ಬರು ನಿಂತಿದ್ದರು. ಆಗ ನಾನದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಕೆಲಸ ನೋಡಲು ಸಂಸ್ಥೆಯ ಸಾಹೇಬರು ಬಂದರು. ಕ್ಯಾರಮ್ ಬೋರ್ಡ್ ಎಲ್ಲಿ ಎಂದು ಮರಾಠಿಯಲ್ಲಿ ಕೇಳಿದರು.

“ಅದರ ಮ್ಯಾಲ ನಾ ಹಪ್ಪಳ ಒಣಗಾಕ ಹಾಕೀನ್ರಿ ಸಾಹೇಬ,” ಎಂದೆ.

ಅಕ್ಕೋರು ಅವರನ್ನು ಹೊಲದಂಚಿಗೆ ಕರೆದೊಯ್ದರು. ಸಾಹೇಬರು ಏಳು ದಿಬ್ಬ ನೋಡಿ ಪೆನ್ನು ತೆಗೆದರು. ಇದನ್ನು ನಾನು ಏನಂತ ಬರೆಯಲಿ ಎಂದರು.

“ಮಕ್ಕಳು ಕೂತಾರ ಅಂತ ಬರೀರಿ,” ಎಂದರು ಅಕ್ಕೋರು.

ಶೆಡ್ಡಿಗೆ ಬಂದು ಸಾಹೇಬರು ಕುರ್ಚಿಯಲ್ಲಿ ಕೂತರು. ಅಕ್ಕೋರಿಗೂ ಕುರ್ಚಿ ಇಟ್ಟಿದ್ದೆ. “ಇರ್ಲಿ” ಎಂದು ನಿಂತೇ ಮಾತಾಡಿದರು, ನಿಂತೇ ಚಹ ಕುಡಿದರು. ಸಾಹೇಬರು ಹೋದರು. ಮತ್ತೊಮ್ಮೆ ಅನುದಾನ ಬರಲಿಲ್ಲ.

ಆಮೇಲೆ ಅಕ್ಕೋರು ಕೂತದ್ದನ್ನು ನಾನು ನೋಡಲಿಲ್ಲ. ನಿಂತು ಅಕ್ಷರ ಕಲಿಸುತ್ತಿದ್ದರು, ನಿಂತು ಉಣ್ಣುತ್ತಿದ್ದರು. ಕುಣಿ ಬೇಡಿತು, ಏಳು ಮಂದಿ ನಿಂತದ್ದೆಲ್ಲ ಅವರೊಬ್ಬರ ಮೇಲೆ ಹೋಯಿತು ಎಂದು ಹೆಂಗಸರು ಮಾತಾಡಿಕೊಂಡರು. ಮಕ್ಕಳನ್ನು ಅವರ ಹತ್ತಿರ ಬಿಡಲು ಹೆದರಿದರು. ಬಾಲವಾಡಿ ಖಾಲಿಯಾಯಿತು. ಅಷ್ಟು ಮಾಡಿಸಿಕೊಂಡ ನಾನೂ ಸಂಜೆ ಅವರ ಶೆಡ್ಡಿನ ಮುಂದೆ ಹಾಯಲು ಅಂಜುತ್ತಿದ್ದೆ. ಒಳಗೆ ದೀಪ ಹಚ್ಚದೆ, ಬಾಗಿಲಿಗೆ ಬೆನ್ನು ಮಾಡಿ, ಅವರು ನಿಂತಿರುತ್ತಿದ್ದರು...

ಕಡೆಗೆ ನಿಲಂಗಾದಿಂದ ಅವರ ಅಣ್ಣ ಕರೆದೊಯ್ಯಲು ಬಂದ. ಬಸ್ಸಿನ ತನಕ ಹೋದೆ. ಅಕ್ಕೋರು ಹತ್ತಿದ ಮೇಲೆ ಆತ ನನ್ನ ಕಡೆ ತಿರುಗಿ ದನಿ ತಗ್ಗಿಸಿದ.

“ಇಬ್ಬರು ಹುಡಗ್ಯಾರ ಇದ್ರು ಆಕಿಗಿ. ಇಬ್ಬರನೂ ಸುಟ್ಟ್ರು. ನಿಮಗ ಹೇಳಿಲ್ಲೇನ್ರಿ ಆಯಿ?”

ಕಂಡಕ್ಟರ್ ಬೆಲ್ ಹೊಡೆದ. ಅರ್ಧ ಬಸ್ಸು ಖಾಲಿ ಇತ್ತು. ಅಕ್ಕೋರು ಕಂಬಿ ಹಿಡಿದು ನಿಂತಿದ್ದರು.

ನಿಲಂಗಾಕ್ಕೆ ಹೋದ ಮೂರನೆಯ ತಿಂಗಳಲ್ಲಿ ತೀರಿಕೊಂಡರು. ಕೂರಿಸಿಯೇ ಮಣ್ಣು ಕೊಟ್ಟರು ಎಂದು ಕೇಳಿದೆ.

ಮೊಮ್ಮಗಳು ಈಗ ಮುರುಮ ಊರಿನಲ್ಲಿ ಸಂಸಾರ ಮಾಡಿಕೊಂಡಿದ್ದಾಳೆ. ಇಲ್ಲಿಗೆ ಬಂದರೆ ಕಾಲು ಚಾಚಿ ಕೂತವಳು ಏಳುವುದಿಲ್ಲ, ಚಹ ನಾನೇ ಮಾಡಿಕೊಡಬೇಕು. ಮಾಡಿಕೊಡುತ್ತೇನೆ. ಹೊಲದಂಚಿನಲ್ಲಿ ದಿಬ್ಬಗಳು ಈಗ ಸವೆದಿವೆ, ಏಳೇ ಇವೆ. ಅಲ್ಲಿ ಇನ್ನೆರಡಕ್ಕೆ ಜಾಗವಿತ್ತು. ಸಲಿಕೆ ಇತ್ತು, ಅಗೆಯಲು ಮಕ್ಕಳೂ ಇದ್ದರು. ಕೂಡ್ರಿ ಅಕ್ಕೋರ ಎಂದು ನೂರು ಸಲ ಅಂದಿದ್ದೇನೆ. ನಿಮ್ಮವರು ಯಾರು ನಿಂತಾರ ಎಂದು ಒಂದು ಸಲವೂ ಕೇಳಲಿಲ್ಲ.